ಅದೇ ಬ್ಯಾಗು, ಮತ್ತೆ ತಪಾಸಣೆ

ಮುಂಬೈಯಿಂದ ಫ್ರಾಂಕ್‌ಫರ್ಟ್ ಮೂಲಕ ಅಮೆರಿಕಕ್ಕೆ ಹೋಗುವವರು ಜರ್ಮನಿಯ ನೆಲದ ಮೇಲೆ ಓಡಾಡುವುದೇ ಇಲ್ಲ. ಒಂದು ವಿಮಾನ ಇಳಿದು ಇನ್ನೊಂದನ್ನು ಹತ್ತುತ್ತಾರೆ, ಅಷ್ಟೇ. ಆದರೂ ನಿದ್ದೆಗಣ್ಣಿನಲ್ಲಿ ಉದ್ದನೆಯ ಕಾರಿಡಾರ್ ದಾಟಿದರೆ ಎದುರಿಗೆ ಮತ್ತೆ ಟ್ರೇಗಳ ಸಾಲು. ಬೆಲ್ಟ್ ಬಿಚ್ಚಿ, ಜಾಕೆಟ್ ತೆಗೆಯಿರಿ.

"ಮುಂಬೈಯಲ್ಲೇ ಎಲ್ಲಾ ನೋಡಿದ್ರಲ್ಲೋ, ಇವರಿಗೆ ನಂಬಿಕೆ ಇಲ್ವಾ?" ಅಂತ ಒಮ್ಮೆ ಅಮ್ಮ ಕೇಳಿದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಇದು ನಂಬಿಕೆಯ ವಿಷಯವೇ, ಆದರೆ ಸರ್ಕಾರ ಸರ್ಕಾರಗಳ ನಡುವಿನದು. ಯುರೋಪಿಯನ್ ಒಕ್ಕೂಟ ಕೆಲವು ದೇಶಗಳ ತಪಾಸಣೆಯನ್ನು ತನ್ನದಕ್ಕೆ ಸಮ ಎಂದು ಒಪ್ಪಿಕೊಂಡಿದೆ. ಅಮೆರಿಕ, ಕೆನಡಾ, ಸಿಂಗಪುರ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಹಾಗಾಗಿ ಹೋಗುವಾಗ ಫ್ರಾಂಕ್‌ಫರ್ಟಿನಲ್ಲಿ ತಪಾಸಣೆ. ಅಮೆರಿಕದಿಂದ ಮರಳುವಾಗ ಸಾಮಾನ್ಯವಾಗಿ ಅದಿಲ್ಲ. ಅದೇ ಅಮ್ಮ, ಅದೇ ಬ್ಯಾಗು. ನಮ್ಮವರ ಕೈಚೀಲವನ್ನು ಮಾತ್ರ ಮತ್ತೆ ಬಿಚ್ಚುವುದು ನನಗಂತೂ ಚುಚ್ಚುತ್ತದೆ.

ನಮ್ಮ ಕಷ್ಟ ಇರುವುದು ತಿಂಡಿಯಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ 100 ಮಿಲಿಲೀಟರಿನ ಮಿತಿ ಬಂತು. ಉಪ್ಪಿನಕಾಯಿ, ತುಪ್ಪ, ಗೊಜ್ಜು ನಮಗೆ ಊಟ. ಸ್ಕ್ಯಾನರ್ ಮುಂದೆ ಕೂತವರಿಗೆ ದ್ರವ. ಪುಡಿಗಳೂ ಪಾರಾಗಿಲ್ಲ: 2018ರ ಜೂನ್ ಕೊನೆಯಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ 350 ಮಿಲಿಲೀಟರ್ ಮೀರಿದ ಪುಡಿಗೆ ಹೆಚ್ಚಿನ ತಪಾಸಣೆ ಇದೆ. ಮಗಳ ಬಾಣಂತನಕ್ಕೆ ಹೊರಟ ತಾಯಿಯ ಕೈಯಲ್ಲಿ ಒಂದು ಕಿಲೋ ಚಟ್ನಿಪುಡಿ ಇದ್ದರೆ ಅದನ್ನು ವಿವರಿಸುವುದು ಯಾವ ಭಾಷೆಯಲ್ಲಿ? ಎಲ್ಲವನ್ನೂ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿಬಿಡಿ. ಡ್ಯೂಟಿ ಫ್ರೀ ಬಾಟಲಿಯಾದರೆ ಸೀಲ್ ಮಾಡಿದ ಚೀಲವನ್ನು ಕೊನೆಯ ವಿಮಾನ ಹತ್ತುವವರೆಗೆ ಬಿಚ್ಚಬೇಡಿ, ರಸೀದಿಯೂ ಜೊತೆಗಿರಲಿ.

ಅಮೆರಿಕದಲ್ಲಿ ಒಳಗಿನ ಇನ್ನೊಂದು ಊರಿಗೆ ವಿಮಾನವಿದ್ದರೆ ಇನ್ನೂ ಒಂದು ಸುತ್ತು. ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್, ಸಾಮಾನ್ಯವಾಗಿ ಸೂಟ್‌ಕೇಸ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸುವುದು, ಆಮೇಲೆ ಮತ್ತೆ ಟ್ರೇ. ಒಬ್ಬರೇ ಪ್ರಯಾಣಿಸುವ ಹಿರಿಯರು ನಡೆಯಬಲ್ಲವರಾದರೂ ವೀಲ್‌ಚೇರ್ ಕೇಳುವುದನ್ನು ನೋಡಿ ನಗುವವರಿದ್ದಾರೆ. ಅವರಿಗೆ ಬೇಕಿರುವುದು ಕುರ್ಚಿಯಲ್ಲ, ದಾರಿ ಗೊತ್ತಿರುವ ಒಬ್ಬ ಮನುಷ್ಯ. ಟಿಕೆಟ್ ಕೊಳ್ಳುವಾಗಲೇ ಅದನ್ನು ಕೇಳಿ, ನಡುವೆ ಮೂರು ಗಂಟೆಯಾದರೂ ಬಿಡಿ.