ನಲವತ್ತು ಕಾಲಿನ ಎರಡು ಐಸಿ

ಬೇಸಿಗೆ ರಜೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ನಮ್ಮ ಮಾವನ ಅಂಗಡಿಗೆ ವಿಡಿಯೋ ಗೇಮ್‌ಗಳು ಬರತೊಡಗುತ್ತಿದ್ದವು. ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮಾವನದು ರೇಡಿಯೋ, ಟೀವಿ ರಿಪೇರಿ. 1995ರಲ್ಲಿ ಹತ್ತನೇ ಕ್ಲಾಸು ಮುಗಿಸಿ ನಾನೂ ಅಲ್ಲೇ ಕೂತೆ. ಪ್ಲಾಸ್ಟಿಕ್ ಚೀಲದಲ್ಲಿ ಸೆಟ್ಟು ಹಿಡಿದ ಹುಡುಗ ಮುಂದೆ, ಮುಖ ಗಂಟಿಕ್ಕಿಕೊಂಡ ಅಪ್ಪ ಹಿಂದೆ. ಒಬ್ಬರಂತೂ ನೇರವಾಗಿ ಹೇಳಿದ್ದರು: "ನೋಡಿ ಸ್ವಾಮಿ, ಆನ್ ಆಗ್ತಿಲ್ಲ. ಸರಿಹೋಗಲ್ಲ ಅಂದುಬಿಟ್ರೆ ಇನ್ನೂ ಒಳ್ಳೇದು."

ನಿಂಟೆಂಡೊ ಎಂಬ ಹೆಸರು ಆಗ ನಮ್ಮಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಮಾರಿಯೋ ಗೊತ್ತು, ಕಾಂಟ್ರಾ ಗೊತ್ತು. ಅವನ್ನು ಆಡಿಸುವ ಪೆಟ್ಟಿಗೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ನಿಂಟೆಂಡೊದ ಮಸಾಯುಕಿ ಉಯೆಮುರಾ ಮತ್ತು ಅವರ ಜೊತೆಯವರು ರೂಪಿಸಿದ ಫ್ಯಾಮಿಕಾಂ ಎಂಬ ಆ ಪೆಟ್ಟಿಗೆ 1983ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತ್ತಂತೆ. ನಮ್ಮ ಓಣಿಗೆ ಬಂದದ್ದು ಅದರ ನಕಲುಗಳು, ತೈವಾನ್ ಮತ್ತು ಚೀನಾದವು. ಇಂಥದ್ದೇ ನಕಲು 1992ರ ಕೊನೆಯಲ್ಲಿ ರಷ್ಯಾದಲ್ಲಿ ಡೆಂಡಿ ಎಂಬ ಹೆಸರಿನಲ್ಲಿ ಮಾರಾಟವಾಗಿ ಅಲ್ಲಿನ ಮಕ್ಕಳಿಗೆ ಅದೇ ಅಸಲಿಯಾಯಿತು. ನಮಗೂ ಅಷ್ಟೇ. ಅಸಲಿಯನ್ನು ಕಂಡೇ ಇರದವರಿಗೆ ನಕಲಿ ಎಂಬ ಮಾತಿಗೆ ಅರ್ಥವೇನು?

ಮೊದಲ ಸಲ ಸೆಟ್ಟಿನ ತಳದ ಸ್ಕ್ರೂ ಬಿಚ್ಚಿ ಮಾವ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಬೋರ್ಡಿನ ಮೇಲೆ ಜೇಡದಂತೆ ಕೂತ ಎರಡು ಐಸಿ, ಒಂದೊಂದಕ್ಕೂ ನಲವತ್ತು ಕಾಲು. ಮೇಲೆ ತೈವಾನಿನ ಯುಎಂಸಿ ಕಂಪನಿಯ ಗುರುತು. ಒಂದರ ಮೇಲೆ ಯುಎ6527ಪಿ, ಇನ್ನೊಂದರ ಮೇಲೆ ಯುಎ6538. "ಇದು ಲೆಕ್ಕ ಮಾಡುತ್ತೆ, ಅದು ಚಿತ್ರ ಬರೆಯುತ್ತೆ," ಎಂದಿದ್ದ. ಪಕ್ಕದಲ್ಲಿ ಎರಡೆರಡು ಕೆಬಿಯ ಎರಡು ಮೆಮೊರಿ ಚಿಪ್ಪು. ಇಷ್ಟರಲ್ಲೇ ಮಾರಿಯೋ ಎಗರುತ್ತಿದ್ದ.

ಜಪಾನಿನ ಟೀವಿ ಸೆಕೆಂಡಿಗೆ 60 ಸಲ ಪರದೆ ತುಂಬಿದರೆ ನಮ್ಮದು 50 ಸಲ. ಅಲ್ಲಿಗೆ ಬರೆದ ಆಟ ಇಲ್ಲಿ ಚಿತ್ರ ಕೆಡದೆ ಓಡಲೆಂದು ಈ ಚಿಪ್ಪುಗಳ ಕಾಲಗಣನೆಯನ್ನು ಬೇರೆಯಾಗಿಯೇ ಹೊಂದಿಸಿದ್ದರು. ಕದ್ದ ಮಾಲು ಅನ್ನುವವರು ಅನ್ನಲಿ, ಅವರ ಮಾತು ಸುಳ್ಳೂ ಅಲ್ಲ. ಆದರೆ ಆ ನಕಲು ಮಾಡಿದವನಿಗೆ ಕೆಲಸ ಗೊತ್ತಿತ್ತು.

ಬರುತ್ತಿದ್ದ ಕಾಯಿಲೆಗಳು ಮೂರೋ ನಾಲ್ಕೋ. ಜಾಯ್‌ಸ್ಟಿಕ್ಕಿನ ವೈರು ಕುತ್ತಿಗೆಯ ಹತ್ತಿರ ತುಂಡಾಗುವುದು ಮೊದಲನೆಯದು. ಒಳಗೆ ಐದೇ ಎಳೆ. ಕಾಂಟ್ರಾ ಆಡುವಾಗ ವೈರಿನ ಜೊತೆ ಇಡೀ ಸೆಟ್ಟನ್ನೇ ಎಳೆದಾಡುವ ಹುಡುಗರಿಂದ ನಮಗೆ ವರ್ಷಪೂರ್ತಿ ಕೆಲಸ. ಇನ್ನೊಂದು ಅಡಾಪ್ಟರ್. ಈ ಸೆಟ್ಟುಗಳಲ್ಲಿ ಹೆಚ್ಚಿನವಕ್ಕೆ ಪಿನ್ನಿನ ನಡುವೆ ಮೈನಸ್ ಬೇಕು. ಮನೆಯಲ್ಲಿದ್ದ, ನಡುವೆ ಪ್ಲಸ್ ಇರುವ ಟೇಪ್‌ರೆಕಾರ್ಡರ್ ಅಡಾಪ್ಟರ್ ಚುಚ್ಚಿದರೋ, ಒಳಗಿನ 7805 ರೆಗ್ಯುಲೇಟರ್ ಸುಟ್ಟ ವಾಸನೆ ಹೊತ್ತೇ ಅಂಗಡಿಗೆ ಬರುತ್ತಿತ್ತು.

ಕಾರ್ಟ್ರಿಡ್ಜ್ ಎಂಬ ಪದ ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ನಮಗದು ಕ್ಯಾಸೆಟ್. ಆಡದಿದ್ದರೆ ಎಲ್ಲರೂ ಬಾಯಿಂದ ಊದುತ್ತಿದ್ದರು. ಸರಿಹೋಗುತ್ತಿದ್ದದ್ದು ಊದಿದ್ದಕ್ಕಲ್ಲ, ಬಿಚ್ಚಿ ಮತ್ತೆ ಕೂರಿಸಿದ್ದಕ್ಕೆ. ಉಸಿರಿನ ತೇವ ತಾಗಿ ತಾಗಿ ಆ ಅರವತ್ತು ಪಿನ್ನುಗಳು ಕಿಲುಬು ಹಿಡಿಯುತ್ತಿದ್ದವು. ನಾವು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಎರಡು ಬದಿ ಉಜ್ಜಿ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದೆವು. ಎರಡು ನಿಮಿಷದ ಕೆಲಸ. ಮಾವ ಮಾತ್ರ "ಸಂಜೆ ಬಾ" ಎನ್ನುತ್ತಿದ್ದ.

ತಿಂಗಳಿಗೊಮ್ಮೆ ಬೆಳಗಿನ ರೈಲಿಗೆ ಬೆಂಗಳೂರು. ಬಿಡಿಭಾಗಕ್ಕೆ ಎಸ್.ಪಿ. ರಸ್ತೆ, ಕ್ಯಾಸೆಟ್ಟಿಗೆ ಮೆಜೆಸ್ಟಿಕ್ ಕಡೆಯ ನ್ಯಾಷನಲ್ ಮಾರ್ಕೆಟ್. ಬೆಲೆಯನ್ನು ಅಲ್ಲಿ ಮುಖ ನೋಡಿ ಹೇಳುತ್ತಿದ್ದರು. '9999999 ಇನ್ 1' ಎಂಬ ಕ್ಯಾಸೆಟ್ ಹಿಡಿದು ಬಂದಾಗ ಓಣಿಯ ಹುಡುಗರೆಲ್ಲ ಅಂಗಡಿ ಮುಂದೆ. ಪಟ್ಟಿ ಇಳಿಸುತ್ತಾ ಹೋದರೆ ಬೆರಳೆಣಿಕೆಯ ಆಟಗಳೇ ಮತ್ತೆ ಮತ್ತೆ ಬರುತ್ತಿದ್ದವು. ಒಂದು ಎರಡನೇ ಹಂತದಿಂದ ಶುರು, ಇನ್ನೊಂದು ಮೂರನೆಯದರಿಂದ. ಆದರೂ ಒಬ್ಬನೇ ಒಬ್ಬ ಹುಡುಗ ಮೋಸ ಎಂದು ದೂರಲಿಲ್ಲ.

ಹೊಸ ಶತಮಾನ ಬರುವ ಹೊತ್ತಿಗೆ ಸೆಟ್ಟು ಹಗುರಾಯಿತು. ಕೈಯಲ್ಲಿ ಹಿಡಿದಾಗಲೇ ಮಾವನಿಗೆ ಅನುಮಾನ. ಬಿಚ್ಚಿದರೆ ದೊಡ್ಡ ಡಬ್ಬದೊಳಗೆ ಅಂಗೈಯಷ್ಟು ಬೋರ್ಡು, ಅದರ ನಡುವೆ ಕರಗಿಸಿ ಸುರಿದಂಥ ಕಪ್ಪು ಹನಿ. ಎರಡು ಐಸಿಯ ಕೆಲಸವನ್ನೂ ಒಂದೇ ಚಿಪ್ಪಿಗೆ ಇಳಿಸಿ ಮೇಲೆ ಎಪಾಕ್ಸಿ ಮುಚ್ಚಿದ್ದರು. ಕಾಲಿಲ್ಲ, ನಂಬರಿಲ್ಲ, ಮೀಟರ್ ಮುಳ್ಳು ಇಡಲು ಜಾಗವಿಲ್ಲ. ನಾವದಕ್ಕೆ ಡಾಂಬರು ಐಸಿ ಎಂದು ಹೆಸರಿಟ್ಟೆವು. "ಇದಕ್ಕೆ ಡಾಕ್ಟರ್ ಬೇಡ ಕಣೋ, ಗುಜರಿಯವನು ಸಾಕು," ಎಂದ ಮಾವ. ಸೆಟ್ಟಿನ ಬೆಲೆಯೂ ಬಿತ್ತು. ರಿಪೇರಿಗೆ ಕೇಳುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಸಿಗುವಾಗ ನಮ್ಮನ್ನು ಯಾರು ಕೇಳುತ್ತಾರೆ?

ಹೊರಗೆ ಮಾತ್ರ ಠೀವಿ ಹೆಚ್ಚಿತು. ಪ್ಲೇಸ್ಟೇಷನ್ನಿನ ತದ್ರೂಪದ ಡಬ್ಬ, ಗುಂಡಿ ಒತ್ತಿದರೆ ಸಿಡಿಗೆಂಬಂತೆ ಮುಚ್ಚಳ ಏಳುವುದು, ಒಳಗೆ ನೋಡಿದರೆ ಅದೇ ಹಳೆಯ ಕ್ಯಾಸೆಟ್ಟಿನ ಕಿಂಡಿ. ಹುಟ್ಟುಹಬ್ಬಕ್ಕೆ ಅದನ್ನು ಪಡೆದ ಹುಡುಗನೊಬ್ಬ ಸಿಡಿ ಎಲ್ಲಿ ಹಾಕೋದು ಎಂದು ಕೇಳಿದಾಗ ಮಾವ ಉತ್ತರ ಕೊಡದೆ ಟೀ ಕುಡಿಯಲು ಎದ್ದು ಹೋಗಿದ್ದ.

ಆಮೇಲೆ ಟೀವಿಯೇ ಬದಲಾಯಿತು. ಬಾತುಕೋಳಿ ಹೊಡೆಯುವ ಆಟದ ಗನ್ ಕೆಲಸ ಮಾಡುತ್ತಿಲ್ಲ ಎಂದು 2012ರಲ್ಲೊಬ್ಬರು ತಂದರು. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಕಡೆ ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಕಣ್ಣಿಗೆ ಆ ಬೆಳಕು ಬಿದ್ದರೆ ಗುರಿ ತಾಗಿದಂತೆ. ಹಳೆಯ ಪಿಕ್ಚರ್ ಟ್ಯೂಬು ಅದನ್ನು ತಕ್ಷಣ ತೋರಿಸುತ್ತಿತ್ತು, ಎಲ್‌ಸಿಡಿ ತಡಮಾಡುತ್ತದೆ. ಗನ್ ಚೆನ್ನಾಗಿದೆ, ನಿಮ್ಮ ಟೀವಿಯೇ ಹೊಸದು ಎಂದೆ. ಅವರು ನಂಬಲಿಲ್ಲ.

ನಿಂಟೆಂಡೊ 2003ರಲ್ಲಿ ಫ್ಯಾಮಿಕಾಂ ತಯಾರಿಕೆ ನಿಲ್ಲಿಸಿತು; ಬಿಡಿಭಾಗ ಸಾಲದೆ 2007ರಲ್ಲಿ ಅದರ ರಿಪೇರಿಯನ್ನೂ ಕೈಬಿಟ್ಟಿತು. ನಕಲು ಇವತ್ತಿಗೂ ತಯಾರಾಗುತ್ತಿದೆ, ಡಾಂಬರು ಹನಿಯೊಂದಿಗೆ.

ನಿಮ್ಮ ಅಟ್ಟದ ಮೇಲೆ ತೊಂಬತ್ತರ ದಶಕದ ಸೆಟ್ಟೇನಾದರೂ ಇದ್ದರೆ, ಗುಜರಿಗೆ ಹಾಕುವ ಮುಂಚೆ ತಳದ ಸ್ಕ್ರೂ ಬಿಚ್ಚಿ ನೋಡಿ. ನಲವತ್ತು ಕಾಲಿನ ಎರಡು ಐಸಿ ಕಂಡರೆ ಅದು ಇನ್ನೂ ರಿಪೇರಿಯಾಗುವ ಮಾಲು. ಸಿಕ್ಕ ಅಡಾಪ್ಟರ್ ಮಾತ್ರ ಚುಚ್ಚಬೇಡಿ.