ಕಟ್ಟು ಚೆಲ್ಲದ ಪಥ್ಯ

ಮಾಗಡಿ ಕಡೆಯ ಅಡುಗೆ ಕಲಿತ ಮನೆಯಲ್ಲಿ ಸೊಪ್ಪು ಬೇಯಿಸಿದ ನೀರನ್ನು ಯಾರೂ ಮೋರಿಗೆ ಬಿಡುವುದಿಲ್ಲ. ಬಸಿಯುವುದೇ ಆ ನೀರಿಗಾಗಿ. ಸೊಪ್ಪು, ಬೇಳೆ ಹದವಾಗಿ ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಓರೆ ಮಾಡಿದರೆ ಕಟ್ಟು ಇಳಿಯುತ್ತದೆ. ಕೆಂಡದ ಮೇಲೋ, ಈಗಿನ ಕಾಲಕ್ಕೆ ಗ್ಯಾಸಿನ ಉರಿಯ ಮೇಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಜೀರಿಗೆ, ಮೆಣಸು, ಸಾರಿನ ಪುಡಿ, ಒಂದಿಷ್ಟು ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪಿನದೇ ಒಂದು ಹಿಡಿ. ಇಷ್ಟನ್ನು ನುಣ್ಣಗೆ ರುಬ್ಬಿ ಕಟ್ಟಿಗೆ ಕದಡಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಈ ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನ ಹೆಚ್ಚು ರುಚಿ. ಮೂರನೆಯ ದಿನ ಕುದಿಸಿ ಕುದಿಸಿ ಗಟ್ಟಿಯಾದದ್ದು, ಬಿಸಿ ಮುದ್ದೆಯ ಪಕ್ಕದಲ್ಲಿ, ಇನ್ನೂ ರುಚಿ.

ನಮ್ಮನೆಯವರ ರಕ್ತದೊತ್ತಡ ಎಷ್ಟೋ ವರ್ಷ ಸದ್ದಿಲ್ಲದೆ ಕಿಡ್ನಿಯನ್ನು ಸವೆಸಿತ್ತು ಎಂದು ತಿಳಿದ ಮೇಲೆ ಆಹಾರ ತಜ್ಞೆ ಹೇಳಿದ್ದು ಇದಕ್ಕೆ ನೇರ ವಿರುದ್ಧವಾದ ಪಾಠ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಬೇಯಿಸಿ, ಬಸಿದು, ಆ ನೀರನ್ನೂ ಚೆಲ್ಲಿ. ಕಾರಣವನ್ನೂ ತಾಳ್ಮೆಯಿಂದ ವಿವರಿಸಿದರು. ತರಕಾರಿ, ಬೇಳೆ, ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಎಲ್ಲರ ದೇಹಕ್ಕೂ ಬೇಕಾದದ್ದೇ. ಹೆಚ್ಚಾದದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲಿಯೇ ಉಳಿದು ಹೃದಯದ ಬಡಿತವನ್ನು ತಪ್ಪಿಸಬಹುದು. ಅದು ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಈ ನೆನೆಸುವ, ಬಸಿಯುವ ಉಪಾಯ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಎಂಬತ್ತು ದಾಟಿದವರು. ಕೇಳಿಸಿಕೊಂಡು, "ಕಟ್ಟು ಚೆಲ್ತಾರೇನವ್ವಾ ಯಾರಾದ್ರೂ? ಸಾರಿನ ಜೀವ ಇರೋದೇ ಅದ್ರಲ್ಲಿ" ಅಂದರು. ಅವರ ಮಾತು ಅಕ್ಷರಶಃ ನಿಜ. ಆಹಾರ ತಜ್ಞೆ ಹೇಳಿದ್ದೂ ಅದನ್ನೇ, ಜೀವವೆಲ್ಲ ನೀರಿಗೆ ಇಳಿದುಬಿಡುತ್ತದೆ ಎಂದು.

ಈ ಪಥ್ಯದಲ್ಲಿ ಮನಸ್ಸಿಗೆ ಕಷ್ಟವಾದದ್ದು ಯಾವುದೆಂದರೆ, ಜನ್ಮವಿಡೀ ಒಳ್ಳೆಯದೆಂದು ತಿಂದದ್ದಕ್ಕೆಲ್ಲ ಒಮ್ಮೆಲೇ ಬೇಲಿ ಬಿದ್ದದ್ದು. ಬಜ್ಜಿ, ಬೋಂಡ ಬಿಡಿ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಎಳನೀರು ಬಿಡಿ, ಬಾಳೆಹಣ್ಣು ಬಿಡಿ, ಸೊಪ್ಪು ಅಪರೂಪಕ್ಕೆ, ರಾಗಿ ಕಡಿಮೆ ಮಾಡಿ ಎಂದರೆ? ಹುಷಾರಿಲ್ಲದವರನ್ನು ನೋಡಲು ಬರುವವರು ನಮ್ಮಲ್ಲಿ ಬರಿಗೈಯಲ್ಲಿ ಬರುವುದಿಲ್ಲ. ಎಳನೀರೋ, ಮೂಸಂಬಿಯೋ, ಒಂದು ಚಿಪ್ಪು ಬಾಳೆಹಣ್ಣೋ ತರುತ್ತಾರೆ. ಅವೆಲ್ಲವೂ ನಮ್ಮನೆಯವರ ಪಟ್ಟಿಯಲ್ಲಿ ಕೆಂಪು ಗೆರೆಯ ಕೆಳಗಿನವು. ರಾಗಿಯ ವಿಷಯ ನನಗೆ ನಂಬಲಾಗಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ಮಗಳು ತೆಗೆದು ತೋರಿಸಿದಳು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದರ ಸುಮಾರು ನಾಲ್ಕು ಪಟ್ಟು ಪೊಟ್ಯಾಸಿಯಂ ರಾಗಿಯಲ್ಲಿದೆ. ಊರಿಗೆಲ್ಲ ಸಿರಿಧಾನ್ಯ ತಿನ್ನಿ, ಬಿಳಿ ಅನ್ನ ಬಿಡಿ ಎನ್ನುತ್ತಿರುವ ಕಾಲದಲ್ಲಿ ನಮ್ಮನೆಯವರ ತಟ್ಟೆಗೆ ಬಿಳಿ ಅನ್ನವೇ ಔಷಧಿಯಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲದಿರುವುದು ಒಂದು ಪುಣ್ಯ. ಎರಡೂ ಇರುವವರ ಮನೆಯ ಹೆಂಗಸರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದೇನೆ. ಅವರ ಅಡುಗೆಯ ಮುಂದೆ ನನ್ನದು ಸುಲಭ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮಂಥವರ ಮನೆಯಲ್ಲಿ ಪಥ್ಯ ಎಂದ ತಕ್ಷಣ ಕೈ ಹೋಗುವುದು ಲೆಕ್ಕದ ಪುಸ್ತಕಕ್ಕೆ. ಇವರು ಮೈಸೂರು ರಸ್ತೆಯ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಪಿ.ಎಫ್. ಪಿಂಚಣಿ ಹಾಲು ಮತ್ತು ಕರೆಂಟಿಗೆ ಸರಿಹೋಗುತ್ತದೆ. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಸಾಲ ಮಾಡಿ ಎಬ್ಬಿಸಿದ ಮೇಲಿನ ಮನೆಯ ಬಾಡಿಗೆ ದಿನಸಿಗೆ, ಮಗಳ ಕಾಲೇಜಿಗೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ನನ್ನ ಖಾತೆಗೆ ಬರುತ್ತದೆ. ಅದನ್ನು ಇವರ ರಕ್ತಪರೀಕ್ಷೆಗೆ ಎಂದು ಪ್ರತ್ಯೇಕ ಇಟ್ಟಿದ್ದೇನೆ. ಮಾತ್ರೆಗಳನ್ನು ವೈದ್ಯರನ್ನು ಕೇಳಿಯೇ ಜನೌಷಧಿ ಕೇಂದ್ರಕ್ಕೆ ಬದಲಾಯಿಸಿದೆವು. ಅದೇ ಔಷಧಿ, ಹಿಂದಿನ ಅರ್ಧಕ್ಕಿಂತ ಕಡಿಮೆ ಬೆಲೆ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆ ಹೊತ್ತಿಗೆ ಇವರ ಪಾಲಿನ ಹಾಲು, ಮೊಸರನ್ನು ಹೇಗೂ ಕಡಿಮೆ ಮಾಡಿಯಾಗಿತ್ತು.

ಪಥ್ಯದ ಅಡುಗೆ ಎಂದರೆ ಬೇರೆ ಸಾಮಾನು, ಬೇರೆ ಪಾತ್ರೆ, ಬೇರೆ ಖರ್ಚು ಎಂದು ಎಲ್ಲರೂ ಹೆದರಿಸಿದರು. ಅಂಗಡಿಗಳಲ್ಲಿಯೂ ಅದಕ್ಕೆ ತಕ್ಕ ಡಬ್ಬಿಗಳಿವೆ. ಅದರಲ್ಲಿ "ಕಡಿಮೆ ಸೋಡಿಯಂ ಉಪ್ಪು" ಎಂಬುದೊಂದು. ಉಪ್ಪು ಕಡಿಮೆ ಮಾಡಬೇಕಾದವರು ಆಸೆಯಿಂದ ಅದನ್ನೇ ಕೊಳ್ಳುತ್ತಾರೆ. ಅಂಥ ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ಕಿಡ್ನಿ ಸೋತವರಿಗೆ ಅದು ಅಪಾಯ. ಈ ಒಂದು ಮಾತನ್ನು ಬೀದಿಯ ಪ್ರತಿ ಮನೆಗೂ ಹೋಗಿ ಹೇಳಬೇಕೆನ್ನಿಸುತ್ತದೆ ನನಗೆ.

ಪಥ್ಯ ಬೇರೆ ಸಾಮಾನಿನಲ್ಲಿಲ್ಲ, ತೆಗೆದಿಡುವ ಹೊತ್ತಿನಲ್ಲಿದೆ ಎಂಬುದು ನನಗೆ ಹೊಳೆದದ್ದು ಒಂದು ದಿನ ಹುರುಳಿಕಾಯಿ ಬಸಿಯುವಾಗ. ಇವರಿಗೆ ಬೇಕಾದದ್ದು ನೀರು ಬಸಿದ ಕಾಯಿ. ನಮಗೆ ಬೇಕಾದದ್ದು ಕಾಯಿ ಬಸಿದ ನೀರು. ಹಾಗಿದ್ದ ಮೇಲೆ ಜಗಳವೆಲ್ಲಿ? ಕಿಡ್ನಿ ಸರಿಯಿರುವವರು ಆ ಕಟ್ಟು ಕುಡಿಯಬಹುದೇ ಎಂದು ವೈದ್ಯರನ್ನೇ ಕೇಳಿದೆ. ಧಾರಾಳವಾಗಿ ಎಂದರು. ಅಂದಿನಿಂದ ಹುರುಳಿಕಾಯಿಯೋ ಎಲೆಕೋಸೋ, ಒಂದೇ ಪಾತ್ರೆಯಲ್ಲಿ ಉಪ್ಪು ಹಾಕದೆ ಬೇಯುತ್ತದೆ. ಬಸಿದ ತಕ್ಷಣ ಇವರ ಪಾಲು ಒಂದು ಬಟ್ಟಲಿಗೆ. ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ, ನಾಲ್ಕು ಹನಿ ನಿಂಬೆರಸ. ಆಮೇಲೆ ಮಿಕ್ಕ ಪಲ್ಯಕ್ಕೆ ಉಪ್ಪು, ಕಾಯಿ. ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಅತ್ತೆಗೆ, ಮಗಳಿಗೆ, ನನಗೆ ಬಸ್ಸಾರು. ಹಸಿ ತರಕಾರಿ ನೆನೆಸಿದ ನೀರು ತಾರಸಿಯ ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಮೊಟ್ಟೆಯೂ ಹೀಗೆಯೇ. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂನಷ್ಟು ಒಳ್ಳೆಯ ಪ್ರೋಟೀನು, ಅದು ಇವರಿಗೆ. ಹಳದಿ ಮಗಳ ಆಮ್ಲೆಟ್ಟಿಗೆ. ಭಾನುವಾರದ ಮಟನ್ ಸಾರಿನಲ್ಲಿ ಇವರಿಗೊಂದು ಸಣ್ಣ ತುಂಡು, ರಸವಿಲ್ಲದೆ.

ಉಪ್ಪಿಗೂ ಒಂದು ಕ್ರಮವಾಯಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಾತು, ಒಂದು ಟೀ ಚಮಚಕ್ಕೂ ತುಸು ಕಡಿಮೆ. ಬೆಳಿಗ್ಗೆ ಇವರ ಪಾಲಿನ ಉಪ್ಪನ್ನು, ಅದಕ್ಕಿಂತಲೂ ಕಡಿಮೆ, ಒಂದು ಪುಟ್ಟ ಬೆಳ್ಳಿಯ ಕುಂಕುಮದ ಬಟ್ಟಲಿಗೆ ಹಾಕಿಡುತ್ತೇನೆ. ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ಬಟ್ಟಲು. ಇಡೀ ದಿನಕ್ಕೆ ಅಷ್ಟೇ. ಅಡುಗೆಯಲ್ಲಿ ಹಾಕಿ ಕುದಿಸಿದರೆ ಉಪ್ಪು ಒಳಗೆಲ್ಲೋ ಮಾಯವಾಗುತ್ತದೆ. ಊಟಕ್ಕೆ ಕೂತ ಮೇಲೆ ಪಲ್ಯದ ಮೇಲೆ ಚಿಟಿಕೆ ಉದುರಿಸಿದರೆ ನಾಲಿಗೆಗೆ ಮೊದಲು ತಾಗುವುದು ಅದೇ, ಸ್ವಲ್ಪವೇ ಸಾಕಾಗುತ್ತದೆ. ಉಪ್ಪಿನಕಾಯಿ ಭರಣಿ, ಹಪ್ಪಳ, ಸಂಡಿಗೆ ಕಪಾಟಿನ ಮೇಲಿನ ಖಾನೆಗೆ ಹೋದವು.

ಮೊದಲ ದಿನಗಳಲ್ಲಿ ಇವರು ಊಟಕ್ಕೆ ಕೂತು ಗೋಡೆ ನೋಡುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಬರಬರುತ್ತಾ ನಾಲಿಗೆ ಬೇರೆಯೇ ಆಯಿತು. ಸಂಜೆ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗಿನ ತಳ್ಳುಗಾಡಿಗಳ ಹತ್ತಿರ ಈಗ ನಾವಿಬ್ಬರೂ ಹೋಗುತ್ತೇವೆ. 2015ರ ನವೆಂಬರಿನಲ್ಲಿ ಇಲ್ಲಿ ರೈಲು ಓಡಲು ಶುರುವಾದ ಮೇಲೆ, ಮೆಟ್ಟಿಲಿಳಿದು ಬರುವವರನ್ನು ನೆಚ್ಚಿಕೊಂಡು ನಿಲ್ಲುವ ಗಾಡಿಗಳು. ಇವರ ಪಟ್ಟಿಯಲ್ಲಿ ಸಲ್ಲುವ ತರಕಾರಿಗಳನ್ನು ನೋಡಿ: ಸೋರೆಕಾಯಿ, ಹೀರೆಕಾಯಿ, ಬೂದುಗುಂಬಳ, ಎಲೆಕೋಸು, ಸೀಮೆಬದನೆ. ಮದುವೆ ಮನೆಯ ಎಲೆಯಲ್ಲಿ ಯಾರೂ ಕೇಳಿ ಬಡಿಸಿಕೊಳ್ಳದ ಬಡಪಾಯಿ ಕಾಯಿಗಳು, ಹೆಚ್ಚು ದಿನ ಅಗ್ಗದ ಬೆಲೆಗೆ ಸಿಗುವವು. ಹೀರೆಕಾಯಿಯ ಏಣು ಹೆರೆಯುವಾಗ ಮಳೆ ಬಿದ್ದ ಹಿತ್ತಲಿನ ವಾಸನೆ ಬರುತ್ತದೆ. ಎಳೆಯದಾದರೆ ಬೀಜವೂ ಬಾಯಲ್ಲಿ ಕರಗುತ್ತದೆ. ಉಪ್ಪು ಜೋರಾಗಿದ್ದ ದಿನಗಳಲ್ಲಿ ಅದಕ್ಕೊಂದು ಸಿಹಿಯಿದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಸೋರೆಕಾಯಿಯನ್ನು ಉಗುರಿನಿಂದ ಒತ್ತಿ ನೋಡಬೇಕು, ಉಗುರು ಸಲೀಸಾಗಿ ಇಳಿದರೆ ಎಳೆಯದು. ಈ ಪರೀಕ್ಷೆಯಲ್ಲಿ ಇವರು ಈಗ ನನಗಿಂತ ಪಳಗಿದ್ದಾರೆ, ಗಾಡಿಯವನು ಗೊಣಗಿದರೂ ಬಿಡುವುದಿಲ್ಲ. ಸೀಮೆಬದನೆ ಮೆಕ್ಸಿಕೋ ಕಡೆಯಿಂದ ಬಂದದ್ದು. ತಮಿಳರು, ತೆಲುಗರು ಅದನ್ನು ಬೆಂಗಳೂರು ಬದನೆ ಎಂದೇ ಕರೆಯುವಷ್ಟು ಈ ಊರಿನ ತಂಪಿಗೆ ಒಗ್ಗಿಕೊಂಡಿತು. ಮೆಣಸು, ಜೀರಿಗೆ ಕುಟ್ಟಿ ಹಾಕಿದ ಸೀಮೆಬದನೆ ಪಲ್ಯ ಬಿಳಿ ಅನ್ನಕ್ಕೆ ಎಷ್ಟು ಹೊಂದುತ್ತದೆಂದು ತಿಂದೇ ನೋಡಬೇಕು.

ತಿಂಗಳ ಕೊನೆಗೆ ಪುಸ್ತಕ ಕೂಡಿಸಿದರೆ ದಿನಸಿ ಖರ್ಚು ಏರಿರಲಿಲ್ಲ. ತೊಗರಿಬೇಳೆ ಮೊದಲಿನಷ್ಟು ಬೇಡ. ಬೇಕರಿಯ ಖಾರಾ ಬನ್ನು, ಭಾನುವಾರದ ದರ್ಶಿನಿ ತಿಂಡಿ ನಿಂತವು. 2025ರಲ್ಲಿ ಎಳನೀರು 60 ರೂಪಾಯಿ ದಾಟಿದಾಗ ನಮ್ಮ ಪುಸ್ತಕಕ್ಕೆ ಅದರ ಬಿಸಿ ತಾಗಲಿಲ್ಲ. ಉಳಿದ ದುಡ್ಡು ಸೇಬು, ಅನಾನಸ್ಸಿನ ಹೋಳಿಗೆ, ಮೊಟ್ಟೆಗೆ ಹೋಗುತ್ತದೆ. ಆಸ್ಪತ್ರೆಗೆ ಓಡಾಡುವ ಖರ್ಚಿನಲ್ಲಿಯೂ ಒಂದು ದಾರಿ ಕಂಡುಕೊಂಡಿದ್ದೇವೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯೂರಾಲಜಿ ಸಂಸ್ಥೆಗೆ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ, ಹಸಿರು ಮಾರ್ಗ ಹಿಡಿದು ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಸುಖ. 2025ರ ಫೆಬ್ರವರಿಯಲ್ಲಿ ಟಿಕೆಟ್ ದರ ಏರಿದ ಮೇಲೆ ಹೋಗುವಾಗ ಮಾತ್ರ ಮೆಟ್ರೋ, ಬೆಳಗಿನ ನೂಕುನುಗ್ಗಲಿನಲ್ಲಿ ಇವರಿಗೆ ಆಯಾಸವಾಗಬಾರದೆಂದು. ಬರುವಾಗ ಬಸ್ಸು, ಶಕ್ತಿ ಯೋಜನೆಯಿಂದಾಗಿ ನನಗೆ ಟಿಕೆಟ್ಟಿಲ್ಲ. ಹೇಗೂ ಮಾರುಕಟ್ಟೆ ಎದುರಿಗೇ ಇರುವುದರಿಂದ ಚೀಲ ತುಂಬಾ ಕಾಯಿ ತುಂಬಿಕೊಂಡೇ ಬಸ್ಸು ಹತ್ತುವುದು.

ಯಾವ ಪುಸ್ತಕದಲ್ಲಿಯೂ ಬರೆಯದ ಖರ್ಚೊಂದಿದೆ, ಕೈಯದ್ದು. ಹೆಚ್ಚಿ, ನೆನೆಸಿ, ತೊಳೆದು, ಬಸಿದು, ಪಾಲು ತೆಗೆದು, ಮತ್ತೆ ಒಗ್ಗರಣೆ. ಗ್ಯಾಸ್ ಸಿಲಿಂಡರ್ ಮೊದಲಿಗಿಂತ ಬೇಗ ಮುಗಿಯುತ್ತದೆ, ಅದಾದರೂ ರಸೀದಿಯಲ್ಲಿ ಕಾಣುತ್ತದೆ. ಹೆಂಗಸಿನ ಹೊತ್ತು ಕಾಣುವುದಿಲ್ಲ. ಪಥ್ಯದ ಪಟ್ಟಿಯನ್ನು ರೋಗಿಯ ಕೈಗೆ ಕೊಡುವವರು ಒಂದು ಸಾಲು ಸೇರಿಸಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ: ಇದನ್ನು ಮನೆಯಲ್ಲಿ ಯಾರು ಯಾರು ಹಂಚಿಕೊಂಡು ಮಾಡಬೇಕು ಎಂದು. ನಮ್ಮಲ್ಲಿ ಅದನ್ನು ಎತ್ತಿದ್ದು ಅತ್ತೆಯೇ. "ನಿನ್ನ ಪಥ್ಯ, ನೀನೇ ಹೆಚ್ಕೋ ಮಗಾ" ಎಂದು ಈಳಿಗೆಮಣೆಯನ್ನು ಮಗನ ಮುಂದೆ ಸರಿಸಿದರು. ಈಗ ಸಂಜೆಯ ವಾರ್ತೆ ನೋಡುತ್ತಾ ಇವರು ಮರುದಿನದ ಕಾಯಿ ಹೆಚ್ಚುತ್ತಾರೆ, ಬೆಚ್ಚಗಿನ ನೀರಿನಲ್ಲಿ ನೆನೆಸುತ್ತಾರೆ, ಮಲಗುವ ಮುಂಚೆ ಬಸಿದು ಫ್ರಿಜ್ಜಿಗೆ ಇಡುತ್ತಾರೆ. ಕಾರ್ಖಾನೆಯಲ್ಲಿ ಅಳತೆ ಹಿಡಿದು ಕೆಲಸ ಮಾಡಿದ ಕೈ, ಹೋಳುಗಳೆಲ್ಲ ಒಂದೇ ಗಾತ್ರ.

ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳ ತಾಯಿಗೆ ಸಕ್ಕರೆ ಕಾಯಿಲೆ. ನಮ್ಮನೆಯವರ ಕ್ರಿಯಾಟಿನಿನ್ ಒಂದೇ ಕಡೆ ನಿಂತಿದೆಯೆಂದು ಕೇಳಿ, "ಆಂಟಿ, ನಿಮ್ಮ ಪಟ್ಟಿ ಒಂದು ಫೋಟೋ ಹೊಡ್ಕೊಳ್ಲಾ?" ಎಂದು ಬಂದಳು. ಬೇಡ ಎಂದೆ. ನಮಗೆ ಅನ್ನ ಔಷಧಿ, ನಿಮ್ಮಮ್ಮನಿಗೆ ಅದೇ ಅಳತೆ ಮೀರಬಾರದ್ದು. ನಿಮಗೆ ಕೊಡುವ ಸೊಪ್ಪು, ಕಾಳು ನಮಗೆ ವರ್ಜ್ಯ. ಅವರ ರಿಪೋರ್ಟು ನೋಡಿದ ವೈದ್ಯರೇ ಬರೆದುಕೊಡಲಿ ಎಂದು ಕೂರಿಸಿ ಹೇಳಿದೆ. ಪಟ್ಟಿಯ ಬದಲಿಗೆ ಅಂದು ಮಾಡಿದ್ದ ಹೀರೆಸಿಪ್ಪೆಯ ಚಟ್ನಿಯನ್ನು ಡಬ್ಬಿಗೆ ಹಾಕಿ ಕೊಟ್ಟೆ. ಡಬ್ಬಿ ಮಾರನೆಯ ದಿನ ನವಣೆ ಬಿಸಿಬೇಳೆಬಾತ್ ತುಂಬಿಕೊಂಡು ಇಳಿದು ಬಂತು. ಇವರಿಗೆ ಸಲ್ಲದು. ಅತ್ತೆ ಮುಚ್ಚಳ ತೆಗೆದು ಮೂಸಿ ನೋಡಿ, "ಚೆನ್ನಾಗೈತೆ, ತುಪ್ಪ ತಾ" ಎಂದು ತಟ್ಟೆ ಮುಂದೆ ಎಳೆದುಕೊಂಡರು.