ಐವತ್ತೊಂದು

63, 61, 59, 52, 44. ನನ್ನ ಬಿ.ಎ.ಯ ಐದು ಸೆಮಿಸ್ಟರುಗಳ ಅಂಕಗಳಿವು, ನೂರಕ್ಕೆ ಇಷ್ಟೆಂಬ ಲೆಕ್ಕದಲ್ಲಿ. ಬಾವಿಯ ಮೆಟ್ಟಿಲು ಇಳಿದ ಹಾಗೆ ಇಳಿದಿವೆ. ಹೊರರಾಜ್ಯದ ಒಂದು ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಮೇಲೆ ನನಗೆ ಸಮಾಜಶಾಸ್ತ್ರದ ಎಂ.ಎ. ಸೀಟು ಕೊಟ್ಟಿದೆ. ಪತ್ರದ ತಳದಲ್ಲಿ ಸಣ್ಣಕ್ಷರದಲ್ಲಿ ಷರತ್ತು: ಆರೂ ಸೆಮಿಸ್ಟರು ಸೇರಿ 55 ಇರಬೇಕು, ಅಂಕಪಟ್ಟಿ ಸೆಪ್ಟೆಂಬರ್ 30ರೊಳಗೆ ತಲುಪಬೇಕು, ತಪ್ಪಿದರೆ ಸೀಟು ರದ್ದು. ಕೂಡಿ ಕಳೆದು ನೋಡಿದೆ. ಆರನೆಯದರಲ್ಲಿ ನನಗೆ 51 ಬೇಕು. ಪರೀಕ್ಷೆ ಬರೆದಾಗಿದೆ, ಫಲಿತಾಂಶ ಬಂದಿಲ್ಲ. ಇಲ್ಲಿ ತರಗತಿ ಶುರುವಾಗಿ ಆರು ವಾರವಾಯಿತು. ನನ್ನ ಗುರುತಿನ ಚೀಟಿಯ ಮೇಲೆ ಇನ್ನೂ ‘ತಾತ್ಕಾಲಿಕ’ ಅಂತ ಮುದ್ರೆ. ಈ ವರ್ಷ ಪದ್ಯ ಒಂದೂ ಹುಟ್ಟಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲೆಲ್ಲ ಬರೀ ಕೂಡಿಸುವ ಲೆಕ್ಕ.

ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಐವತ್ತೊಂದು ಅಂದ್ರೆ ಮುಯ್ಯಿ ದುಡ್ಡಲ್ವಾ ಮಗ? ಅಷ್ಟೂ ಕೊಡಕ್ಕಾಗಲ್ವಾ ಅವ್ರಿಗೆ?”

ನಮ್ಮ ಕೇರಿಯ ಮದುವೆಗಳಲ್ಲಿ ಮುಯ್ಯಿ ಐವತ್ತೊಂದೇ. ಬೇರೆ ಮುಯ್ಯಿಗಳನ್ನೂ ನಾನು ಕಂಡಿದ್ದೇನೆ. ಐನೂರೊಂದು, ಸಾವಿರದೊಂದು, ಕವರಿನೊಳಗೆ ಬೆಳ್ಳಿ ದೀಪ. ಕಂಡದ್ದು ನೆಂಟನಾಗಿ ಅಲ್ಲ, ಬಡಿಸುವ ಹುಡುಗನಾಗಿ.

ನಾಲ್ಕನೇ ಸೆಮಿಸ್ಟರಿನಲ್ಲಿ ಅಪ್ಪ ಮೈಸೂರಿನಲ್ಲಿ ಕಟ್ಟುವ ಮನೆಯೊಂದರ ಸಾರುವೆಯಿಂದ ಬಿದ್ದ. ಸೊಂಟ ಹೋಯಿತು. ಅವ್ವನ ಕೂಲಿ ಮಾತ್ರೆಗೆ ಸರಿಹೋಯಿತು. ನಾನು ಅಡುಗೆ ಕಂಟ್ರಾಕ್ಟರನೊಬ್ಬನ ಹತ್ತಿರ ಸಪ್ಲೈ ಕೆಲಸಕ್ಕೆ ಸೇರಿದೆ, ಲಗ್ನಕ್ಕೆ 500 ರೂಪಾಯಿ. ಸಂಜೆ ಆರತಕ್ಷತೆ, ರಾತ್ರಿ ಪಾತ್ರೆ, ಬೆಳಗ್ಗೆ ತಿಂಡಿ, ಮುಹೂರ್ತದ ಊಟ. ಬಿಳಿ ಅಂಗಿ, ತಲೆಗೆ ಟೋಪಿ, ಕೈಗೆ ಪ್ಲಾಸ್ಟಿಕ್ ಗ್ಲೌಸು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಅಂತ ಸಾಲು ತಪ್ಪದೆ ಓಡುತ್ತಾ ಹೋಗಬೇಕು. ಆ ಗ್ಲೌಸಿನೊಳಗಿನ ಕೈ ಯಾವ ಜಾತಿಯದು ಎಂದು ಹಸಿದವರು ಯಾರೂ ಕೇಳುವುದಿಲ್ಲ. ಒಂದು ಸಲ ಮಾತ್ರ ಹಿರಿಯರೊಬ್ಬರು, ಊಟ ಮುಗಿದ ಮೇಲೆ, ಮಜ್ಜಿಗೆ ಹಾಕಿಸಿಕೊಳ್ಳುತ್ತಾ “ಯಾವೂರಪ್ಪ ನಿಂದು? ಯಾರ ಪೈಕಿ?” ಅಂದರು. ಮೇಸ್ತ್ರಿ ಹಿಂದಿನಿಂದ ಕೂಗಿದ: “ನಮ್ ಹುಡ್ಗ ಸ್ವಾಮಿ. ಏಯ್, ಆ ಕಡೆ ಸಾಲಿಗೆ ಹೋಗೋ!” ಹೋದೆ. ಅದು ಕರುಣೆಯೋ ವ್ಯಾಪಾರವೋ, ಈಗಲೂ ತೀರ್ಮಾನಿಸಲಾರೆ.

ಲಗ್ನದ ಪಂಚಾಂಗವೂ ಪರೀಕ್ಷೆಯ ಟೈಮ್‌ಟೇಬಲ್ಲೂ ನಮ್ಮಂಥವರನ್ನು ಹಿಡಿಯಲೆಂದೇ ಮಾತಾಡಿಕೊಂಡು ಬರೆದಂತಿರುತ್ತವೆ. ಐದನೇ ಸೆಮಿಸ್ಟರಿನ ಪರೀಕ್ಷೆ ಬಿದ್ದದ್ದು ಮಾಘಮಾಸದ ಲಗ್ನಗಳ ನಡುವೆ. ಒಂದು ರಾತ್ರಿ ಎರಡೂವರೆಗೆ ಹಂಡೆ ತೊಳೆದು, ಛತ್ರದ ಜಗಲಿಯಲ್ಲೇ ಒರಗಿ, ಮೊದಲ ಬಸ್ಸು ಹಿಡಿದು ಹೋಗಿ ಪರೀಕ್ಷೆಗೆ ಕೂತೆ. ಕೈ ಸಾರಿನ ವಾಸನೆ. ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕದ ಪ್ರಶ್ನೆ: ‘ಜಾತಿವ್ಯವಸ್ಥೆಯಲ್ಲಿ ಸಹಭೋಜನದ ಮೇಲಿನ ನಿರ್ಬಂಧಗಳನ್ನು ವಿವರಿಸಿ.’ ನಗು ಬಂತು. ಹಾಲಿನಲ್ಲಿದ್ದವರಲ್ಲಿ ಇದಕ್ಕೆ ಉತ್ತರ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಎಂ.ಎನ್. ಶ್ರೀನಿವಾಸ್ ಹೆಸರು ಬರೆದದ್ದು ನೆನಪಿದೆ. ಆಮೇಲೆ ಅಕ್ಷರ ಓರೆಯಾಗಿ ಗೆರೆ ಬಿಟ್ಟು ಇಳಿದಿತ್ತು. ಮೇಲ್ವಿಚಾರಕರು ಭುಜ ಅಲ್ಲಾಡಿಸಿದಾಗ ಇನ್ನು ಇಪ್ಪತ್ತೇ ನಿಮಿಷ. ಎಲ್ಲಕ್ಕಿಂತ ಕಡಿಮೆ ಅಂಕ ಬಂದದ್ದು ಆ ಪೇಪರಿನಲ್ಲೇ.

ಆ ಫಲಿತಾಂಶ, ಸೀಟಿನ ಪತ್ರ ಎರಡೂ ಹೆಚ್ಚುಕಮ್ಮಿ ಒಂದೇ ವಾರ ಬಂದವು. 44 ನೋಡಿದ ಅಧ್ಯಾಪಕರೊಬ್ಬರು, “ಸೀಟು ಸಿಕ್ಕೇ ಸಿಗ್ತದೆ ಅಂತ ಮೈಮರೆತ್ಯೇನಯ್ಯಾ?” ಅಂದರು. ಅಮೆರಿಕದಲ್ಲಿ ಈ ಮೈಮರೆವಿಗೆ ಒಂದು ಹೆಸರೇ ಇದೆಯಂತೆ, ಸೀನಿಯರೈಟಿಸ್. ಕಾಲೇಜು ಸೀಟು ಕೈಗೆ ಬಂದ ಮೇಲೆ ಕೊನೆಯ ವರ್ಷದ ಹೈಸ್ಕೂಲು ಹುಡುಗರು ಪುಸ್ತಕ ಮುಚ್ಚಿಡುತ್ತಾರೆ, ಅಂಕ ಜಾರಿದರೆ ಕೊಟ್ಟ ಸೀಟನ್ನು ಕಾಲೇಜು ವಾಪಸು ಪಡೆಯಲೂಬಹುದು. ಆ ಹುಡುಗರ ಭಯವನ್ನು ಹಗುರ ಮಾಡಲಾರೆ, ಅಲ್ಲಿಯೂ ರಾತ್ರಿ ದುಡಿದು ಹಗಲು ಓದುವವರಿದ್ದಾರೆ. ಆದರೆ ನಮ್ಮ ಜಾರಿಕೆಗೆ ಮೈಮರೆವು ಅನ್ನುವ ಹೆಸರನ್ನು ಒಪ್ಪಲಾರೆ. ಮೈಮರೆಯುವುದಕ್ಕೆ ಮೈ ಖಾಲಿ ಇರಬೇಕು.

ಮೇಲಿನವರ ಮಗನ ಅಂಕ ಇಳಿದರೆ ‘ಪಾಪ, ಟೆನ್ಷನ್ನು’. ನಮ್ಮದು ಇಳಿದರೆ ‘ನೋಡಿದಿರಾ, ಮೀಸಲಾತಿ’. ಸೊಂಟ ಮುರಿದ ಅಪ್ಪನಿಗೆ ಅಂಕಪಟ್ಟಿಯಲ್ಲಿ ಕಾಲಮ್ಮಿಲ್ಲ. ಹಳ್ಳಿಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಮಾತು: ಚೆನ್ನಾಗಿ ಓದುತ್ತಿದ್ದ ಕೂಸು ಕೊನೆಯ ವರ್ಷ ಇಳಿದಾಗ, ಬಯ್ಯುವ ಮುಂಚೆ ಮನೆ ಕಡೆ ಒಮ್ಮೆ ಹೋಗಿ ಬನ್ನಿ ಸಾರ್.

ಇಲ್ಲಿನ ಗ್ರಂಥಾಲಯದಲ್ಲಿ ಧನಂಜಯ ಕೀರ್ ಬರೆದ ಬಾಬಾಸಾಹೇಬರ ಜೀವನಚರಿತ್ರೆಯನ್ನು ಮತ್ತೆ ತೆಗೆದೆ, ಈ ಸಲ ಅಂಕ ಹುಡುಕುವುದಕ್ಕೆ. 1907ರ ಮೆಟ್ರಿಕ್ಯುಲೇಷನ್ನಿನಲ್ಲಿ ಅವರಿಗೆ ಬಂದದ್ದು 750ಕ್ಕೆ 282. ನೂರಕ್ಕೆ 38 ಕೂಡ ಇಲ್ಲ. ಆ ಅಂಕಕ್ಕೇ ಮುಂಬಯಿಯಲ್ಲಿ ಸಭೆ ಸೇರಿಸಿ ಸನ್ಮಾನ ಮಾಡಿದರು. ಎಸ್.ಕೆ. ಬೋಲೆ ಅಧ್ಯಕ್ಷರು. ಕೃಷ್ಣಾಜಿ ಕೇಳುಸ್ಕರ್ ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿತ್ತರು. ಮುಂದೆ ಬರೋಡದ ಸಯ್ಯಾಜಿರಾವ್ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ ಕೊಡಿಸಿದವರೂ ಅವರೇ. ಆ ಸಭೆಯಲ್ಲಿ ಕೂತವರು 282ನ್ನು ಓದಿದ ಬಗೆಯೇ ಬೇರೆ.

ನನ್ನ ಕಣ್ಣು ನಿಂತದ್ದು ಇನ್ನೂ ಮುಂದಿನ ಪುಟದಲ್ಲಿ. 1917ರಲ್ಲಿ ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದು ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಹಡಗು ಹತ್ತಬೇಕಾಯಿತು. ಆಗ ಲಂಡನ್ ವಿಶ್ವವಿದ್ಯಾಲಯ, ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದೆಂದು ಅನುಮತಿ ಕೊಟ್ಟಿತು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಎಲ್ಲ ಕೂಡಿಸಿಕೊಂಡು 1920ರಲ್ಲಿ ಅವರು ವಾಪಸು ಹೋದರು. 1923ರಲ್ಲಿ ಡಿ.ಎಸ್ಸಿ. ಪದವಿ. ನಮ್ಮನ್ನಾಳಿದ ಬ್ರಿಟಿಷರ ವಿಶ್ವವಿದ್ಯಾಲಯ, ದುಡ್ಡಿಲ್ಲದೆ ಹೊರಟ ಒಬ್ಬ ಅಸ್ಪೃಶ್ಯನಿಗೆ ನಾಲ್ಕು ವರ್ಷ ಬಾಗಿಲು ತೆರೆದಿಟ್ಟಿತ್ತು. ನಮ್ಮದೇ ಸಂವಿಧಾನ ಬಂದ ಮೇಲಿನ ವಿಶ್ವವಿದ್ಯಾಲಯ ಸೆಪ್ಟೆಂಬರ್ 30ರಾಚೆಗೆ ಒಂದು ದಿನ ಕಾಯುವುದಿಲ್ಲ ಅನ್ನುತ್ತದೆ.

ಆ ಪುಟ ಓದಿದ ರಾತ್ರಿಯೇ ಒಂದು ಅರ್ಜಿ ಬರೆದೆ. ಅಂಕ ಹೆಚ್ಚಿಸಿ ಅಂತಲ್ಲ, ಷರತ್ತು ಸಡಿಲಿಸಿ ಅಂತಲೂ ಅಲ್ಲ. ಅಂಕಪಟ್ಟಿ ತಡವಾದರೆ ಬರುವ ತನಕ ಕಾಯಬೇಕು, 51 ಬರದೆ ಹೋದರೆ ಪರೀಕ್ಷೆ ಮತ್ತೆ ಬರೆದು ಬರಲು ಒಂದು ವರ್ಷ ಸೀಟು ಉಳಿಸಬೇಕು, ಅಂತ. 1917ರ ಸಂಗತಿಯನ್ನೂ ಸೇರಿಸಿದೆ. ಗುಮಾಸ್ತರು ಓದಿ, “ಇಂಥಾ ರೂಲು ಇಲ್ಲಿಲ್ಲ” ಅಂದರು. “ಇಲ್ಲ ಅಂತಲೇ ಕೇಳ್ತಿರೋದು ಸಾರ್” ಅಂದೆ. ಅರ್ಜಿ ಇಟ್ಟುಕೊಳ್ಳಲಿಲ್ಲ. ವಾಪಸು ತಂದು ಹಾಸ್ಟೆಲಿನ ಕೋಣೆಯಲ್ಲಿಟ್ಟೆ. ಊಟದ ಸಾಲಿನಲ್ಲಿ ವಿಷಯ ಹರಡಿತು. ನನ್ನ ಹಾಗೆ ‘ತಾತ್ಕಾಲಿಕ’ ಮುದ್ರೆಯವರು ಇಷ್ಟು ಜನ ಇದ್ದಾರೆಂದು ನನಗೇ ಗೊತ್ತಿರಲಿಲ್ಲ. ಒಬ್ಬಳು ಬೀಡಿ ಕಟ್ಟುವವರ ಮಗಳು, ಇನ್ನೊಬ್ಬ ಕಬ್ಬು ಕಡಿಯುವವರ ಮಗ, ಒಬ್ಬನಿಗೆ 46 ಬೇಕು, ಒಬ್ಬಳಿಗೆ 58. ಅರ್ಜಿಯ ಕೆಳಗೆ ಈಗ ಹನ್ನೊಂದು ಸಹಿಗಳಿವೆ. ಸೋಮವಾರ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದೇವೆ.